ಮುಂದಿನ ಗಾಲಿ

ಅರಸೀಕೆರೆ ಸ್ಟೇಷನ್ನಿನಲ್ಲಿ ಸೈಕಲ್ ಇಳಿಸಿಕೊಂಡು ಹೊರಗೆ ಬಂದಾಗ ಬೆಳಗಿನ ಆರೂಕಾಲು. ಆಷಾಢದ ಗಾಳಿ ಆಗಲೇ ಎದ್ದಿತ್ತು. ತೆಂಗಿನ ಗರಿಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮೂಡಣಕ್ಕೆ ಬಾಗಿದ್ದವು. ನಾವು ಹೋಗಬೇಕಾದದ್ದು ಪಡುವಣಕ್ಕೆ.

ನನಗಾಗಿ ಕಾದಿದ್ದ ಹುಡುಗ ಗರಿಗಳನ್ನು ಒಮ್ಮೆ ನೋಡಿದ, ನನ್ನ ಟೈರನ್ನು ಒಮ್ಮೆ ನೋಡಿದ. ಹುಡುಗ ಅಂತ ಕರೆಯುವುದು ನನ್ನ ವಯಸ್ಸಿನ ರೂಢಿ, ಅವನಿಗೆ ಮೂವತ್ತು ದಾಟಿದೆ. ಹೆಬ್ಬೆರಳಿನಿಂದ ಟೈರು ಒತ್ತಿ, ಪಂಪು ತೆಗೆದು ನಾಲ್ಕು ಸಲ ಗಾಳಿ ಹೊಡೆದು, "ಸರ, ಇವತ್ತ ದಿನಾ ಪೂರಾ ಎದುರಗಾಳಿ ಐತ್ರಿ. ನನ್ನ ಹಿಂದಿನ ಗಾಲಿ ಬಿಡಬ್ಯಾಡ್ರಿ. ನಿಮ್ಮ ಕಡೆಯವ್ರು ಮಾತಾಡ್ಕೋತ ಬಾಜೂಕ ಬರ್ತೀರಿ, ಹಂಗ ಬರಬ್ಯಾಡ್ರಿ" ಅಂದ.

ಅವನು ವಿಜಯಪುರ ಜಿಲ್ಲೆಯವನು. ನಮ್ಮ ರಾಜ್ಯದಲ್ಲಿ ಸೈಕಲ್ ರೇಸು ಎಂದರೆ ವಿಜಯಪುರ, ಬಾಗಲಕೋಟೆ. ಆ ಬಯಲಿನ ಒಕ್ಕಲು ಮಕ್ಕಳು ಕ್ರೀಡಾ ಹಾಸ್ಟೆಲಿಗೆ ಸೇರಿ, ರಾಷ್ಟ್ರಮಟ್ಟದ ಪದಕಗಳನ್ನು ಎಷ್ಟೋ ವರ್ಷಗಳಿಂದ ತರುತ್ತಿದ್ದಾರೆ. ಇವನೂ ಅಂಥದೇ ಹಾಸ್ಟೆಲಿನಲ್ಲಿ ಬೆಳೆದು, ರಾಜ್ಯ ತಂಡದಲ್ಲಿ ರಸ್ತೆ ರೇಸುಗಳಿಗೆ ಓಡಿ, ಈಗ ರೈಲ್ವೆಯಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಹಾಸನದಲ್ಲಿ ಪರಿಚಯವಾದಾಗ, ನಿನಗೆ ಎಷ್ಟು ಪದಕ ಬಂದಿವೆ ತಮ್ಮ ಎಂದು ಕೇಳಿದ್ದೆ. "ನಾ ಎಳ್ಯಾವ ಇದ್ದೆ ಸರ. ಪದಕ ನಮ್ಮ ಹುಡುಗ ತಂದ" ಅಂದಿದ್ದ. ಆ ಮಾತು ನನ್ನನ್ನು ಬಿಡಲಿಲ್ಲ. ಈ ಪ್ರಯಾಣಕ್ಕೆ ಹೊರಟದ್ದೇ ಅದರಿಂದ.

ಎಳೆಯುವವನು. ಇಟಲಿಯ ಸೈಕಲ್ ಲೋಕದಲ್ಲಿ ಅಂಥವನನ್ನು 'ಗ್ರೆಗಾರಿಯೊ' ಎನ್ನುತ್ತಾರೆ. ಲ್ಯಾಟಿನ್ನಿನ ಮೂಲದಲ್ಲಿ ಅದರ ಅರ್ಥ ಹಿಂಡಿನವನು, ಮಂದೆಯವನು. ತಂಡದ ನಾಯಕನಿಗಾಗಿ ಓಡುವುದೇ ಅವನ ಉದ್ಯೋಗ. ಗಾಳಿಗೆ ತಾನು ಎದೆಯೊಡ್ಡಿ ನಾಯಕನನ್ನು ಹಿಂದೆ ಇಟ್ಟುಕೊಳ್ಳಬೇಕು. ನೀರು ತಂದು ಕೊಡಬೇಕು. ನಾಯಕನ ಚಕ್ರ ಪಂಚರಾದರೆ ತನ್ನ ಚಕ್ರ ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ನಿಲ್ಲಬೇಕು. ಎದುರಾಳಿಗಳು ತಪ್ಪಿಸಿಕೊಂಡು ಮುಂದೋಡಿದರೆ ಅವರ ಬೆನ್ನಿಗೆ ಬಿದ್ದು ಕಾವಲಿರಬೇಕು. ಗೆಲ್ಲುವುದು ಅವನ ಕೆಲಸವಲ್ಲ.

ಅರಸೀಕೆರೆಯ ಶಿವಾಲಯವನ್ನು ನೋಡದೆ ಹೊರಡಲು ಮನಸ್ಸು ಬರಲಿಲ್ಲ. ಸುಮಾರು 1220ರ ಈ ಗುಡಿಯ ಮುಂದೆ ನಕ್ಷತ್ರದಾಕಾರದ ತೆರೆದ ಮಂಟಪವಿದೆ, ಹದಿನಾರು ಮೂಲೆಗಳದ್ದು. ಹೊಯ್ಸಳರ ನಾಡಿನಲ್ಲೇ ಇಂಥ ಮಂಟಪ ಅಪರೂಪ. ಒಳಗೆ ನಿಂತರೆ ಮೂಲೆಮೂಲೆಗೂ ನೆರಳಿನ ಬಣ್ಣ ಬೇರೆ. ಹುಡುಗ ಒಂದು ಸುತ್ತು ಬಂದು, ಕಂಬಕ್ಕೆ ಬೆನ್ನು ಕೊಟ್ಟು, "ಇಲ್ಲಿ ಗಾಳಿ ಹೆಂಗ ತಿರಗತೈತಿ ನೋಡ್ರಿ" ಅಂದ. ನಾನು ಕಲ್ಲು ನೋಡುತ್ತಿದ್ದೆ, ಅವನು ಗಾಳಿ ನೋಡುತ್ತಿದ್ದ.

ಬಾಣಾವರದ ತನಕ ಬಿ.ಎಚ್. ರಸ್ತೆ. ಲಾರಿಗಳ ಭರಾಟೆಯ ಈ ಹದಿನೈದು ಹದಿನಾರು ಕಿಲೋಮೀಟರಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಾಣಾವರದಲ್ಲಿ ಎಡಕ್ಕೆ ತಿರುಗಿ ಜಾವಗಲ್ ದಾರಿ ಹಿಡಿದ ಮೇಲೆ ಪ್ರಯಾಣ ಶುರುವಾಯಿತು, ಗಾಳಿಯೂ ಸರಿಯಾಗಿ ಮುಖಕ್ಕೆ ಬಂತು. ಎರಡೂ ಬದಿ ಕೆಂಪು ಹೊಲ, ಆಗಷ್ಟೇ ರಾಗಿ ಬಿತ್ತಿದ ಸಾಲುಗಳು, ನಡುವೆ ತೆಂಗಿನ ತೋಟ.

ನಾನು ಅವನ ಹಿಂದಿನ ಗಾಲಿಗೆ ಒಂದು ಗೇಣು ದೂರದಲ್ಲಿ ನನ್ನ ಮುಂದಿನ ಗಾಲಿ ಇಟ್ಟೆ. ಹಾಗೆ ಇಡುವುದಕ್ಕೆ ಧೈರ್ಯ ಬೇಕು. ಅವನು ಬ್ರೇಕು ಹಿಡಿದರೆ ನಾನು ನೆಲಕ್ಕೆ. ಆದರೆ ಆ ಜಾಗದಲ್ಲಿ ಕೂತ ಕೂಡಲೇ ಕಿವಿಯಲ್ಲಿ ಬೊಬ್ಬಿಡುತ್ತಿದ್ದ ಸದ್ದು ನಿಂತಿತು, ಬಾಗಿಲು ಹಾಕಿದ ಹಾಗೆ. ವೇಗವಾಗಿ ಹೋಗುವ ಸವಾರನ ಬಲದಲ್ಲಿ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೇ. ಮುಂದಿನವನಿಗೆ ಅಂಟಿಕೊಂಡು ಹೋದರೆ ಆ ಶ್ರಮದಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ರಸ್ತೆ ರೇಸು ಒಬ್ಬರ ಆಟವಲ್ಲ, ತಂಡದ ಆಟ ಎನ್ನುವುದಕ್ಕೆ ಇದೊಂದೇ ಕಾರಣ. ನನಗೆ ಕಾಣುತ್ತಿದ್ದದ್ದು ಅವನ ಮೀನಖಂಡ, ಬೆವರಿಗೆ ಅಂಟಿದ ಬೆನ್ನು, ಆಗಾಗ ಸೊಂಟದ ಹತ್ತಿರ ಬಂದು ಏನೋ ಹೇಳುತ್ತಿದ್ದ ಕೈ. ಅಂಗೈ ತೆರೆದರೆ ನಿಧಾನ. ಬೆರಳು ಕೆಳಗೆ ತೋರಿದರೆ ಗುಂಡಿ. ಗಾಳಿ ಎಡಗಡೆಯಿಂದ ಹೊಡೆಯತೊಡಗಿದಾಗ ಅವನು ತುಸು ಎಡಕ್ಕೆ ಸರಿದು, ನಾನು ಬಲಕ್ಕೆ ಬರುವಂತೆ ಕೈ ಮಾಡಿದ. ನನ್ನ ಉಸಿರಿನ ಸದ್ದು ಕೇಳಿಯೇ ವೇಗ ತಗ್ಗಿಸುತ್ತಿದ್ದ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಈ ವಿದ್ಯೆ ಕಲಿತವರಿಗೆ ನಮ್ಮಲ್ಲಿ ಜಾಗ ಕಡಿಮೆ. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ಓದಿದವರು. ಸೈಕಲ್ಲನ್ನೇ ಬದುಕಾಗಿಸಿಕೊಂಡು ಬೆಲ್ಜಿಯಂನ ಊರೂರ ರೇಸುಗಳಲ್ಲಿ ಓಡಿದರು, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದರು, 2017ರಲ್ಲಿ ಆಸ್ಟ್ರೇಲಿಯದ ಒಂದು ಕಾಂಟಿನೆಂಟಲ್ ತಂಡ ಸೇರಿದರು. ಅವರ ದೊಡ್ಡ ಸಾಧನೆಗಳು ಟೈಂ ಟ್ರಯಲ್‌ನಲ್ಲಿ, ಅಂದರೆ ಗಡಿಯಾರದ ಎದುರು ಒಬ್ಬನೇ ಓಡುವ ರೇಸಿನಲ್ಲಿ. ಅದು ಆಕಸ್ಮಿಕವಲ್ಲ ಎಂದು ನನಗನಿಸುತ್ತದೆ. ಒಬ್ಬ ಓಟಗಾರ ತನ್ನ ಹಟದಿಂದಲೇ ಬೆಳೆಯಬಹುದು. ಅವನಿಗಾಗಿ ಗಾಳಿ ಕುಡಿಯುವ ಏಳೆಂಟು ಜನರನ್ನು ವರ್ಷಗಟ್ಟಲೆ ಸಂಬಳ ಕೊಟ್ಟು ಸಾಕುವುದಕ್ಕೆ ಒಂದು ದೇಶವೇ ಆ ಆಟವನ್ನು ಹಚ್ಚಿಕೊಂಡಿರಬೇಕು. ಇಟಲಿ ಹಾಗೆ ಹಚ್ಚಿಕೊಂಡಿತ್ತು.

ಜಾವಗಲ್ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಇರುವಾಗ ನನ್ನ ಹಿಂದಿನ ಟೈರಿಗೆ ಜಾಲಿ ಮುಳ್ಳು ಹೊಕ್ಕಿತು. ಅವನು ನನಗಿಂತ ಮೊದಲು ಇಳಿದ. ಸೈಕಲ್ಲನ್ನು ತಲೆಕೆಳಗೆ ಮಾಡಿ, ಚಕ್ರ ಬಿಚ್ಚಿ, ಟೈರಿನ ಒಳಗೆಲ್ಲ ಬೆರಳಾಡಿಸಿ ಮುಳ್ಳಿನ ಮುರಿದ ತುದಿ ಹುಡುಕಿದ. ಕಣ್ಣಿನಿಂದ ಹುಡುಕಲಿಲ್ಲ. ದೂರ ನೋಡುತ್ತ, ಬೆರಳ ತುದಿಯಿಂದ ಹುಡುಕಿದ. ಸಿಕ್ಕಿದ ಕೂಡಲೇ ಮುಖ ಅರಳಿತು.

ಆ ಬೆರಳು ನೋಡಿ ನನಗೆ ಬಿಯಾಜಿಯೊ ಕವಾನ್ನ ನೆನಪಾದ. ಇಟಲಿಯ ನೋವಿ ಲಿಗೂರೆಯಲ್ಲಿದ್ದ ಮಾಲೀಸಿನವ, ಕುರುಡ. ಸವಾರರ ಕಾಲು ತಿಕ್ಕುತ್ತ ತಿಕ್ಕುತ್ತ, ಯಾರಲ್ಲಿ ಎಷ್ಟು ಬಲವಿದೆ, ಯಾರು ಯಾವ ಕೆಲಸಕ್ಕೆ ಎಂದು ಬೆರಳಿನಿಂದಲೇ ಓದುತ್ತಿದ್ದವನು. ಕಟುಕನ ಅಂಗಡಿಯ ಮಾಂಸ ಮನೆಮನೆಗೆ ಮುಟ್ಟಿಸುತ್ತಿದ್ದ ತೆಳ್ಳನೆ ಹುಡುಗ ಫಾವುಸ್ತೊ ಕೊಪ್ಪಿಯನ್ನು ಜಗತ್ತಿನ ದೊಡ್ಡ ಸವಾರನನ್ನಾಗಿ ಮಾಡಿದ್ದು ಅವನ ಕೈ. ಅದೇ ಸೀಮೆಯಲ್ಲಿ ಕೊಪ್ಪಿಗೆ ಬೇಕಾದ ಗ್ರೆಗಾರಿಗಳನ್ನು ಪಳಗಿಸಿದ್ದೂ ಅವನೇ. ಅವರಲ್ಲೊಬ್ಬ ಆಂದ್ರೆಯಾ ಕರ್ರೆಯಾ. ಊರಲ್ಲಿ ಸಾಂದ್ರಿನೊ.

ಬೇಲಿಯ ಮರೆಯಲ್ಲಿ ಕೂತು, ಟ್ಯೂಬಿನ ಸಲ್ಯೂಷನ್ ಒಣಗುವ ತನಕ ಹುಡುಗನಿಗೆ ಸಾಂದ್ರಿನೊನ ಕಥೆ ಹೇಳಿದೆ. ಹುಟ್ಟಿದ್ದು 1924ರಲ್ಲಿ. ಯುದ್ಧದ ಕಾಲದಲ್ಲಿ ನಾತ್ಸಿಗಳ ಕೈಗೆ ಸಿಕ್ಕಿ ಬೂಖೆನ್‌ವಾಲ್ಡ್ ಯಾತನಾ ಶಿಬಿರ ಕಂಡು, ಬದುಕಿ ಬಂದವನು. 1949ರಿಂದ ವೃತ್ತಿಪರ ಸವಾರ, ಬಿಯಾಂಕಿ ತಂಡದಲ್ಲಿ ಕೊಪ್ಪಿಯ ನೆರಳು. 1952ರ ಟೂರ್ ದ ಫ್ರಾನ್ಸ್‌ಗೆ ಇಟಲಿ ತಂಡದಲ್ಲಿ ಹೋದ. ಜುಲೈ ಮೊದಲ ವಾರ, ಮ್ಯೂಲೂಸ್‌ನಿಂದ ಸ್ವಿಟ್ಜರ್ಲೆಂಡಿನ ಲೋಸಾನ್‌ಗೆ ಒಂಬತ್ತನೇ ಹಂತದ ಓಟ. ಕೆಲವರು ತಪ್ಪಿಸಿಕೊಂಡು ಮುಂದೋಡಿದರು. ಕಾವಲಿಗೆಂದು ಕರ್ರೆಯಾ ಅವರ ಜತೆ ಹೋದ. ದೊಡ್ಡ ಗುಂಪು ಅವರನ್ನು ಹಿಡಿಯಲಿಲ್ಲ. ಹಂತ ಮುಗಿಸಿ ಅವನು ಹೋಟೆಲಿಗೆ ಹೋಗಿಬಿಟ್ಟ, ತನ್ನ ಕೆಲಸ ಮುಗಿಯಿತೆಂದು. ಹಿಂದೆಯೇ ಜನ ಬಂದು ಕರೆದರು. ಒಟ್ಟು ಸಮಯದ ಲೆಕ್ಕದಲ್ಲಿ ಈಗ ನೀನೇ ಮೊದಲಿಗ, ಹಳದಿ ಅಂಗಿ ನಿನ್ನದು, ಬಾ ಎಂದು.

ಅವನು ಅತ್ತ. ಸಂತೋಷಕ್ಕಲ್ಲ. ನಾಯಕನ ಅಂಗಿ ತನ್ನ ಮೈಮೇಲೆ ಬಂದಿತಲ್ಲ, ಕೊಪ್ಪಿ ಏನೆಂದುಕೊಂಡಾನು ಎಂಬ ಭಯಕ್ಕೆ. ಕೊಪ್ಪಿ ಬಂದಾಗ ಕಣ್ಣೀರಿಟ್ಟು ಕ್ಷಮೆ ಕೇಳಿದ. ಕೊಪ್ಪಿ ಅವನನ್ನು ಅಭಿನಂದಿಸಿದ. ಮಾರನೆಯ ದಿನ ಆಲ್ಪ್ ದ್ಯುಯೆಜ್ ಬೆಟ್ಟ, ಇಪ್ಪತ್ತೊಂದು ತಿರುವು. ಟೂರ್‌ನ ಚರಿತ್ರೆಯಲ್ಲಿ ಬೆಟ್ಟದ ತುದಿಯಲ್ಲಿ ಮುಗಿದ ಮೊದಲ ಹಂತ ಅದು. ಕೊಪ್ಪಿ ಒಬ್ಬನೇ ಮೇಲೇರಿ ಗೆದ್ದ, ಹಳದಿ ಅಂಗಿ ಅವನ ಮೈಗೆ ಹೋಯಿತು. ಪ್ಯಾರಿಸ್ ಮುಟ್ಟುವಾಗ ಎರಡನೆಯವನಿಗಿಂತ 28 ನಿಮಿಷಕ್ಕೂ ಹೆಚ್ಚು ಮುಂದಿದ್ದ. ಕರ್ರೆಯಾ ಹಳದಿ ಅಂಗಿ ತೊಟ್ಟು ಓಡಿದ್ದು ಅದೊಂದೇ ದಿನ.

ಹುಡುಗ ಟ್ಯೂಬಿನ ಮೇಲೆ ತೇಪೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. "ಅಳೂದು ಯಾಕ್ರಿ?" ಅಂದ. "ಅಂವ ಕಾವಲಿಗೆ ಹೋಗಿದ್ದ, ಕೆಲಸ ಬರೋಬ್ಬರಿ ಮಾಡ್ಯಾನ. ಅಂಗಿ ತಾನ ಬಂದೈತಿ. ನಾ ಆಗಿದ್ರ ರಾತ್ರಿ ಅದನ್ನ ಹಾಕ್ಕೊಂಡ ಮಲಗ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಮುಂಜಾನೆ ಕ್ಯಾಪ್ಟನ್‌ಗ ಕೊಡ್ತಿದ್ದೆ" ಎಂದು ಸೇರಿಸಿದ.

ಜಾವಗಲ್‌ನಲ್ಲಿ ವೀರ ಸೋಮೇಶ್ವರನ ಕಾಲದ ಲಕ್ಷ್ಮೀನರಸಿಂಹ ಗುಡಿಯ ಹೊರಜಗಲಿಯಲ್ಲಿ ಅವನು ಗಂಟು ಬಿಚ್ಚಿದ. ಮನೆಯಿಂದ ಬಂದ ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಸೈಕಲ್ಲಿನ ಕುಲುಕಾಟಕ್ಕೆ ರೊಟ್ಟಿ ನಾಲ್ಕಾಗಿ ಮುರಿದಿತ್ತು. ದೊಡ್ಡ ತುಂಡುಗಳನ್ನು ಆರಿಸಿ ನನ್ನ ಕಡೆ ಸರಿಸಿದ. ಈರುಳ್ಳಿಯನ್ನು ಜಗಲಿ ಕಲ್ಲಿನ ಮೇಲೆ ಇಟ್ಟು ಮುಷ್ಟಿಯಿಂದ ಒಂದೇ ಏಟಿಗೆ ಒಡೆದ. ರಾಗಿ ಸೀಮೆಯ ನಡುಮಧ್ಯ ಕೂತು ಜೋಳ ತಿಂದೆ.

ಹಳೇಬೀಡು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು, ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಯ್ಸಳೇಶ್ವರ ಗುಡಿಯನ್ನು ಎಷ್ಟೋ ಸಲ ನೋಡಿದ್ದೇನೆ. ಅದರ ಭಿತ್ತಿಗಳ ಬಗ್ಗೆ ಬರೆದವರು ಬಹಳ ಜನರಿದ್ದಾರೆ. 2023ರಲ್ಲಿ ಬೇಲೂರು, ಸೋಮನಾಥಪುರದ ಜತೆಗೆ ಯುನೆಸ್ಕೊ ಪಟ್ಟಿಗೂ ಸೇರಿತು. ಈ ಸಲ ನಾನು ಬಂದದ್ದು ಗುಡಿಗಲ್ಲ, ಅದರ ದಕ್ಷಿಣಕ್ಕೆ ಆವರಣದಲ್ಲಿ ನಿಂತಿರುವ ಒಂದು ಕಂಬಕ್ಕೆ. ಬಂದವರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ.

ಅದು ಗರುಡಗಂಬ. ದೇವರ ವಾಹನದ ಕಂಬವಲ್ಲ. ಹೊಯ್ಸಳರ ಕಾಲದಲ್ಲಿ ಗರುಡರೆಂದರೆ ದೊರೆಯ ಮೈಗಾವಲಿನವರು. ದೊರೆ ಸತ್ತರೆ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟವರು. ಅಂಥವನೊಬ್ಬ ಕುವರ ಲಕ್ಷ್ಮ, ಇಮ್ಮಡಿ ವೀರಬಲ್ಲಾಳನ ದಂಡನಾಯಕ. ಬಲ್ಲಾಳ 1220ರಲ್ಲಿ ತೀರಿಕೊಂಡ, ಬೆಳಿಗ್ಗೆ ನಾವು ನೋಡಿದ ಅರಸೀಕೆರೆ ಗುಡಿಯ ಕಾಲಕ್ಕೆ ಸರಿಯಾಗಿ. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜತೆಯ ಸಾವಿರ ವೀರರು ಪ್ರಾಣ ಬಿಟ್ಟರೆಂದು ಕಂಬದ ಮೇಲಿನ ಶಾಸನ ಹೇಳುತ್ತದೆ. ಅಕ್ಷರಗಳ ಜತೆಗೆ ಅವರ ಚಿತ್ರಗಳೂ ಇವೆ. ಚಿಕ್ಕ ಚಿಕ್ಕ ಮನುಷ್ಯರು, ಕತ್ತಿಯನ್ನು ತಮ್ಮದೇ ಮೈಗೆ, ತಮ್ಮದೇ ಕೊರಳಿಗೆ ಹಿಡಿದವರು. ಗುಡಿಯ ಗೋಡೆಯ ಮೇಲೆ ಸರದ ಮಣಿಮಣಿಯನ್ನೂ ಬಿಡಿಸಿದ ಅದೇ ಬಳಪದ ಕಲ್ಲಿನ ಕೈಚಳಕ ಇಲ್ಲಿ ಕತ್ತಿಯ ಅಲಗನ್ನು ಬಿಡಿಸಿದೆ.

ಇಂಥ ನಿಷ್ಠೆಗೆ ಹಳಗನ್ನಡದಲ್ಲಿ ಮೂರು ಮಾತುಗಳಿವೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ. ಉಂಡ ಜೋಳದ ಋಣ ತೀರಿಸುವುದು ಜೋಳವಾಳಿ. ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂದು ಕೊಟ್ಟ ಮಾತು ಉಳಿಸಿಕೊಳ್ಳುವುದು ವೇಳೆವಾಳಿ. ಲೆಂಕ, ಅಂದರೆ ಸೇವಕ, ಎನಿಸಿಕೊಂಡವನು ಒಡೆಯನ ಜತೆಗೇ ಹೋಗಿಬಿಡುವುದು ಲೆಂಕವಾಳಿ. ಚಿದಾನಂದಮೂರ್ತಿಯವರ ಶಾಸನ ಅಧ್ಯಯನವನ್ನು ಓದಿದ ದಿನಗಳಲ್ಲಿ ಈ ಮಾತುಗಳು ನನಗೆ ಸೊಗಸಾಗಿ ಕೇಳಿದ್ದವು. ಕಂಬದ ಎದುರು ನಿಂತಾಗ ಹಾಗೆ ಕೇಳಲಿಲ್ಲ. ಹೊಟ್ಟೆಯಲ್ಲಿ ಇನ್ನೂ ಅವನ ಜೋಳವಿತ್ತು. ಜೋಳದ ಋಣ ನಿಜ, ಅದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಆದರೆ ಒಬ್ಬನ ಜೋಳ ತಿಂದದ್ದಕ್ಕೆ ಅವನ ಚಿತೆಯ ದಿನವೇ ನನ್ನ ಚಿತೆಯ ದಿನವೂ ಆಗಬೇಕೆನ್ನುವುದು ಋಣದ ಮಾತಲ್ಲ, ಒಡೆತನದ ಮಾತು. ಸುಗ್ಗಲದೇವಿ ಯಾರ ಜೋಳ ತಿಂದಿದ್ದಳು, ಅವಳನ್ನು ಯಾರಾದರೂ ಕೇಳಿದ್ದರೇ ಎಂದು ಆ ಕಂಬವನ್ನು ಸುತ್ತುವಾಗಲೆಲ್ಲ ನನಗನಿಸುತ್ತದೆ.

ಲೋಸಾನ್‌ನ ಹೋಟೆಲಿನಲ್ಲಿ ಕರ್ರೆಯಾ ಅತ್ತದ್ದು ಏಕೆಂದು ಹೊಳೆದದ್ದು ಅಲ್ಲೇ. ಅವನು ಪಗಾರದ ಕೆಲಸಗಾರ. ಅವನ ಅಳು ಮಾತ್ರ ಗರುಡನದು. ಒಡೆಯನ ಆಸ್ತಿ ಮುಟ್ಟಿದೆನೆಂಬ ಹಳೆಯ ಹೆದರಿಕೆ, ಹೊಲದಲ್ಲಿ ದುಡಿದ ಎಷ್ಟೋ ತಲೆಮಾರಿನವರಿಂದ ಬಂದದ್ದು. ಕೊಪ್ಪಿಯ ದೊಡ್ಡತನ ಆಲ್ಪ್ ದ್ಯುಯೆಜ್ ಏರಿದ್ದಕ್ಕಿಂತ ಹಿಂದಿನ ಸಂಜೆಯ ಆ ಅಭಿನಂದನೆಯಲ್ಲಿ ನನಗೆ ಹೆಚ್ಚು ಕಾಣುತ್ತದೆ.

1959ರ ಡಿಸೆಂಬರಿನಲ್ಲಿ ಕೊಪ್ಪಿ ಆಫ್ರಿಕದ ಅಪ್ಪರ್ ವೋಲ್ಟಾಕ್ಕೆ ಹೋಗಿ ಬಂದ. ಅದು ಇಂದಿನ ಬುರ್ಕಿನಾ ಫಾಸೊ. ಬಂದವನಿಗೆ ಜ್ವರ. ಅದು ಮಲೇರಿಯ ಎಂದು ವೈದ್ಯರು ಗುರುತಿಸಲಿಲ್ಲ. ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ ಯಾವ ಅಜ್ಜಿಯಾದರೂ ಗುರುತಿಸುತ್ತಿದ್ದ ಜ್ವರ ಅದು. 1960ರ ಜನವರಿ 2ರಂದು, ನಲವತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಕರ್ರೆಯಾ ಆಮೇಲೆ 53 ವರ್ಷ ಬದುಕಿದ. 2013ರಲ್ಲಿ ಸಾಯುವಾಗ ಅವನಿಗೆ 88. ಆ 53 ವರ್ಷಗಳೂ ಕೊಪ್ಪಿಯ ಮಾತು ಬಂದಾಗ ಅದೇ ಪ್ರೀತಿಯಿಂದ ಮಾತಾಡುತ್ತಿದ್ದ. ಋಣ ತೀರಿಸುವುದಕ್ಕೆ ಇದೂ ಒಂದು ದಾರಿ. ಈ ದಾರಿಗೆ ಕಂಬ ನೆಡುವವರಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಲು ಹೊರಟೆ. ಅವನು ಕಂಬದ ಸುತ್ತ ನಿಧಾನವಾಗಿ ಬರುತ್ತ ಒಂದೊಂದೇ ಆಕೃತಿಯನ್ನು ನೋಡುತ್ತಿದ್ದ. "ನಿನಗೆ ಯಾವತ್ತೂ ಬೇಜಾರಾಗಿಲ್ಲವೇ ತಮ್ಮ, ಪದಕ ಇನ್ನೊಬ್ಬನಿಗೆ ಹೋಯಿತೆಂದು?" ಎಂದೆ. ಅವನಿಗೆ ನನ್ನ ಪ್ರಶ್ನೆಯಲ್ಲಿದ್ದ ಕನಿಕರ ಕೇಳಿಸಿರಬೇಕು, ಮುಖ ಸ್ವಲ್ಪ ಬಿಗಿಯಾಯಿತು. "ಸರ, ಅಂವಗ ಎಳ್ಯಾಕ ಬರ್ತಿದ್ದಿಲ್ಲ. ನಾ ಬಿಟ್ಟ ಕೂಡ್ಲೆ ಕೊನೇದ ಇನ್ನೂರ ಮೀಟರ್ ಹೊಡಿತಿದ್ದ, ಅಷ್ಟ ಅವನ ಕೆಲಸ. ನಲವತ್ತ ಕಿಲೋಮೀಟರ್ ಗಾಳಿ ಒಡ್ಯೂದು ಅವನ ಕೈಲಿ ಆಗ್ತಿದ್ದಿಲ್ಲ. ಅದು ನನಗ ಬರ್ತಿತ್ತು." ಇಷ್ಟು ಹೇಳಿ ನೀರಿನ ಬಾಟಲಿ ತುಂಬಿಸಲು ಹೋದ. ಎರಡೂ ಬಾಟಲಿ, ನನ್ನದು ಮೊದಲು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಅಷ್ಟರಲ್ಲೇ ನೆಲ ಬೇರೆಯಾಗುತ್ತದೆ. ತೆಂಗು ಹಿಂದೆ ಸರಿಯಿತು, ಆಲೂಗಡ್ಡೆ, ಶುಂಠಿ ಹೊಲಗಳು ಬಂದವು, ಮಣ್ಣಿನ ವಾಸನೆ ಹಸಿಯಾಯಿತು. ನಡುದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಅವನ ಹಿಂದಿನ ಗಾಲಿ ಎತ್ತಿ ಎರಚುತ್ತಿದ್ದ ಕೆಸರು ನೀರು ನನ್ನ ಮುಖಕ್ಕೆ ಬೀಳದ ಹಾಗೆ ಅವನು ಒಂದು ಗೇಣು ಪಕ್ಕಕ್ಕೆ ಸರಿದು ಓಡಿದ. ಯಗಚಿ ಸೇತುವೆಯ ಹತ್ತಿರ ನನ್ನ ತೊಡೆಗಳು ಕಲ್ಲಾಗಿದ್ದವು. ಅವನು ಪಕ್ಕಕ್ಕೆ ಬಂದು ಒಂದು ಕೈ ನನ್ನ ಬೆನ್ನಿಗಿಟ್ಟು ಏರು ಹತ್ತಿಸಿದ.

ಚೆನ್ನಕೇಶವನ ಗುಡಿಯಲ್ಲಿ ಸಂಜೆಯ ಗಂಟೆ ಬಾರಿಸುತ್ತಿದ್ದರು. ಮಳೆಗೆ ತೊಯ್ದ ಮದನಿಕೆಯರು ಕಪ್ಪಗೆ ಮಿನುಗುತ್ತಿದ್ದರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ. ಹುಡುಗನಿಗೆ ಗದಗಿನ ಹೆಸರು ಕೇಳಿ ಖುಷಿಯಾಯಿತು. "ನಮ್ಮ ಕಡೆಯಾವ!" ಅಂದ. ಗದಗಿನಿಂದ ಇಲ್ಲಿಗೆ ಎಷ್ಟು ದೂರ, ಆಗ ಎಷ್ಟು ದಿನ ಹಿಡಿದಿರಬೇಕು ಎಂದು ಲೆಕ್ಕ ಹಾಕುತ್ತ ಬಹಳ ಹೊತ್ತು ನಿಂತಿದ್ದ.

ವಾಪಸು ಹೊರಡಲು ಬೆಳಿಗ್ಗೆ ಎದ್ದಾಗ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ನನ್ನ ಚೈನಿಗೆ ಅವನು ಆಗಲೇ ಎಣ್ಣೆ ಬಿಟ್ಟಾಗಿತ್ತು. "ಇವತ್ತು ನಾನು ಎಳೆಯುತ್ತೇನೆ, ನೀನು ಹಿಂದೆ ಬಾ" ಅಂದೆ. ನಿನ್ನೆಯ ಜೋಳ ಮನಸ್ಸಿನಲ್ಲಿತ್ತು. ಅವನು ನಕ್ಕು, ಸೇತುವೆಯಾಚೆಯ ಮರಗಳ ಕಡೆ ಕೈ ತೋರಿದ. ಕೊಂಬೆಗಳೆಲ್ಲ ನಾವು ಹೋಗುವ ಕಡೆಗೇ ಬಾಗಿದ್ದವು.

"ಬೆನ್ನಿಗೆ ಗಾಳಿ ಇದ್ದಾಗ ಯಾರೂ ಎಳ್ಯೂದು ಬ್ಯಾಡ್ರಿ. ಬಾಜೂಕ ಬರ್ರಿ, ಮಾತಾಡ್ಕೋತ ಹೋಗೂಣು."

ಹಳೇಬೀಡಿನ ತನಕ ಜೋಡಿಯಾಗಿಯೇ ಬಂದೆವು. ನಿನ್ನೆ ಇಡೀ ದಿನ ಅವನ ಬೆನ್ನು ನೋಡಿದ್ದೆ. ಅವನ ಎಡಹುಬ್ಬಿನ ಮೇಲೆ ಹಳೆಯ ಗಾಯದ ಕಲೆಯೊಂದು ಇರುವುದನ್ನು ಆಗ ನೋಡಿದೆ. ಯಾವ ರೇಸಿನಲ್ಲಿ ಬಿದ್ದದ್ದು ಎಂದು ಕೇಳಿದೆ. ಅವನು ಹ್ಯಾಂಡಲ್ ಬಿಟ್ಟು, ಎರಡೂ ಕೈಯಿಂದ ಆ ತಿರುವು ಹೇಗಿತ್ತು, ಮರಳು ಎಲ್ಲಿ ಬಿದ್ದಿತ್ತು ಎಂದು ತೋರಿಸತೊಡಗಿದ.